ಬಿಡುಗಡೆ ಸಿಕ್ಕಿತು, ಜಮೀನು ಸಿಗಲಿಲ್ಲ

1865ರ ಜನವರಿ 12ರ ರಾತ್ರಿ ಎಂಟು ಗಂಟೆಗೆ ಅಮೆರಿಕದ ಜಾರ್ಜಿಯಾ ರಾಜ್ಯದ ಸವಾನ್ನಾ ನಗರದ ಒಂದು ಬಂಗಲೆಯಲ್ಲಿ ಒಂದು ಸಭೆ ಸೇರಿತು. ಮೇಜಿನ ಒಂದು ಬದಿಯಲ್ಲಿ ಸರಕಾರದ ಯುದ್ಧ ಮಂತ್ರಿ ಎಡ್ವಿನ್ ಸ್ಟಾಂಟನ್ ಮತ್ತು ಸೇನಾಪತಿ ವಿಲಿಯಂ ಶೆರ್ಮನ್. ಇನ್ನೊಂದು ಬದಿಯಲ್ಲಿ ಆ ಊರಿನ ಚರ್ಚುಗಳ 20 ಮಂದಿ ಕಪ್ಪು ವರ್ಣೀಯ ಧರ್ಮಬೋಧಕರು. ಅವರಲ್ಲಿ ಹಲವರು ಶೆರ್ಮನ್‌ನ ಸೇನೆ ನಗರಕ್ಕೆ ಬರುವ ತನಕ, ಅಂದರೆ ಮೂರು ವಾರಗಳ ಹಿಂದಿನ ತನಕ, ಗುಲಾಮರಾಗಿದ್ದವರು. ತಮ್ಮೆಲ್ಲರ ಪರವಾಗಿ ಮಾತನಾಡಲು ಅವರು ಗ್ಯಾರಿಸನ್ ಫ್ರೇಜಿಯರ್ ಎಂಬ 67 ವರ್ಷದ ವೃದ್ಧರನ್ನು ಆರಿಸಿದ್ದರು. ಫ್ರೇಜಿಯರ್ ಎಂಟು ವರ್ಷಗಳ ಹಿಂದೆ ಚಿನ್ನ ಮತ್ತು ಬೆಳ್ಳಿಯ ನಾಣ್ಯಗಳಲ್ಲಿ 1,000 ಡಾಲರ್ ತೆತ್ತು ತನ್ನನ್ನೂ ತನ್ನ ಹೆಂಡತಿಯನ್ನೂ ಬಿಡಿಸಿಕೊಂಡಿದ್ದರು.

ಮಂತ್ರಿ ಪ್ರಶ್ನೆ ಕೇಳುತ್ತಾ ಹೋದರು, ಗುಮಾಸ್ತ ಬರೆದುಕೊಳ್ಳುತ್ತಾ ಹೋದ. ಗುಲಾಮತನ ಎಂದರೆ ಏನೆಂದು ನೀವು ತಿಳಿದಿದ್ದೀರಿ? ಒಬ್ಬನ ದುಡಿಮೆಯನ್ನು ಅವನ ಒಪ್ಪಿಗೆಯಿಲ್ಲದೆ ಬಲದಿಂದ ಕಸಿದುಕೊಳ್ಳುವುದೇ ಗುಲಾಮತನ ಎಂದು ಫ್ರೇಜಿಯರ್ ಹೇಳಿದರು. ಹಾಗಾದರೆ ಬಿಡುಗಡೆಯಾದ ನೀವು ನಿಮ್ಮ ಕಾಲ ಮೇಲೆ ನಿಲ್ಲಲು ಏನು ಬೇಕು? ಜಮೀನು ಬೇಕು, ಅದನ್ನು ನಾವೇ ಉತ್ತು ಬಿತ್ತಿ ಬದುಕುತ್ತೇವೆ, ಮುಂದೆ ಕ್ರಯ ಕೊಟ್ಟು ಅದನ್ನು ನಮ್ಮದಾಗಿ ಮಾಡಿಕೊಳ್ಳುತ್ತೇವೆ ಎಂದರು. ನಡುವೆ ಮಂತ್ರಿಯವರು ಸೇನಾಪತಿಯನ್ನು ಸ್ವಲ್ಪ ಹೊತ್ತು ಹೊರಗಿರಲು ಹೇಳಿ, ಈ ಮನುಷ್ಯನ ಬಗ್ಗೆ ನಿಮ್ಮ ಅಭಿಪ್ರಾಯವೇನು ಎಂದೂ ಆ ಧರ್ಮಬೋಧಕರನ್ನು ಕೇಳಿದರು. ಯುದ್ಧ ಗೆದ್ದು ಬಂದ ಸೇನಾಪತಿಯ ನಡತೆಯ ಬಗ್ಗೆ ನಿನ್ನೆಯ ಗುಲಾಮರ ಸಾಕ್ಷ್ಯ ಕೇಳಿದ್ದು ಆ ದೇಶದಲ್ಲಿ ಅದೇ ಮೊದಲಿರಬೇಕು.

ನಾಲ್ಕು ದಿನ ಕಳೆದ ಮೇಲೆ, ಜನವರಿ 16ರಂದು, ಶೆರ್ಮನ್ ಒಂದು ಆದೇಶ ಹೊರಡಿಸಿದರು. ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್‌ನಿಂದ ದಕ್ಷಿಣಕ್ಕೆ ಫ್ಲೋರಿಡಾದವರೆಗಿನ ಕಡಲ ದ್ವೀಪಗಳು ಮತ್ತು ಕರಾವಳಿಯಿಂದ 30 ಮೈಲಿ ಒಳಗಿನವರೆಗೆ ನದಿಗಳ ಬದಿಯ, ಮಾಲೀಕರು ಬಿಟ್ಟು ಓಡಿಹೋಗಿದ್ದ ಭತ್ತದ ಗದ್ದೆಗಳನ್ನು ಬಿಡುಗಡೆಗೊಂಡ ಜನರಿಗೆ ಮೀಸಲಿಡಲಾಯಿತು. ಒಂದು ಕುಟುಂಬಕ್ಕೆ 40 ಎಕರೆಯವರೆಗೆ ಜಮೀನು. ಸೇನೆಗೆ ಬೇಡವಾದ ಹೇಸರಗತ್ತೆಗಳನ್ನು ಉಳುಮೆಗೆ ಕೊಟ್ಟದ್ದೂ ಉಂಟು. ಆ ವರ್ಷದ ಜೂನ್ ಹೊತ್ತಿಗೆ ಸುಮಾರು 40,000 ಜನರು ಸುಮಾರು 4 ಲಕ್ಷ ಎಕರೆಯಲ್ಲಿ ನೆಲೆನಿಂತಿದ್ದರು. ಕೈಯಲ್ಲಿ ಸರಕಾರದ ಹಕ್ಕುಪತ್ರವಿತ್ತು.

ಈ ದ್ವೀಪಗಳಲ್ಲಿ ಸಪೆಲೋ ಎಂಬುದೂ ಒಂದು. ಅಲ್ಲಿನ ಗುಲಾಮರ ಮುಖ್ಯಸ್ಥನಾಗಿದ್ದವರು ಪಶ್ಚಿಮ ಆಫ್ರಿಕಾದ ಫೂತಾ ಜಾಲೋನ್‌ನಿಂದ ಹಿಡಿದು ತರಲ್ಪಟ್ಟಿದ್ದ ಬಿಲಾಲಿ ಮುಹಮ್ಮದ್. ಅವರು ಕೈಯಾರೆ ಬರೆದ ಅರಬಿ ಹಸ್ತಪ್ರತಿ ಇಂದಿಗೂ ಜಾರ್ಜಿಯಾದಲ್ಲಿದೆ. ಬಹುಕಾಲ ಅದನ್ನು ಯಾರದೋ ದಿನಚರಿ ಎಂದೇ ತಿಳಿಯಲಾಗಿತ್ತು. ಓದಬಲ್ಲವರು ಓದಿದಾಗ ಅದು ವುಝೂ, ಅಝಾನ್, ನಮಾಝ್‌ಗಳ ಪಾಠವೆಂದೂ, ಮಾಲಿಕೀ ಫಿಕ್‌ಹ್‌ನ ಪ್ರಸಿದ್ಧ ಗ್ರಂಥವಾದ ಇಬ್ನ್ ಅಬೀ ಝೈದ್ ಅಲ್ ಕೈರವಾನಿಯವರ ‘ರಿಸಾಲಾ’ದಿಂದ ನೆನಪಿನ ಬಲದಿಂದಲೇ ಬರೆದ ಭಾಗಗಳು ಅದರಲ್ಲಿವೆಯೆಂದೂ ತಿಳಿಯಿತು. ಬಿಲಾಲಿ 1850ರ ದಶಕದಲ್ಲೇ ತೀರಿಕೊಂಡರು. ಅವರ ಮೊಮ್ಮಕ್ಕಳ ಕಾಲಕ್ಕೆ ಬಿಡುಗಡೆ ಬಂತು. ಈ ದ್ವೀಪಕ್ಕೆ ಕೊನೆಯಲ್ಲಿ ಮರಳುತ್ತೇನೆ.

ಹಿನ್ನೆಲೆಯನ್ನು ಚುಟುಕಾಗಿ ಹೇಳಬೇಕು. 1861ರಲ್ಲಿ ಗುಲಾಮತನವನ್ನು ಉಳಿಸಿಕೊಳ್ಳಲು ಅಮೆರಿಕದ ದಕ್ಷಿಣದ 11 ರಾಜ್ಯಗಳು ದೇಶದಿಂದ ಬೇರೆಯಾದವು. ನಾಲ್ಕು ವರ್ಷ ಅಂತರ್ಯುದ್ಧ ನಡೆದು ಆರು ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತರು. ಆಗ ಅಲ್ಲಿದ್ದ ಗುಲಾಮರ ಸಂಖ್ಯೆ ಸುಮಾರು 40 ಲಕ್ಷ. 1863ರ ಜನವರಿ 1ರಂದು ಅಧ್ಯಕ್ಷ ಅಬ್ರಹಾಂ ಲಿಂಕನ್ ಬಿಡುಗಡೆಯ ಘೋಷಣೆ ಹೊರಡಿಸಿದ ಬಳಿಕ ಸುಮಾರು 1,80,000 ಕಪ್ಪು ವರ್ಣೀಯರು ಸರಕಾರದ ಸೇನೆಯಲ್ಲಿ ದುಡಿದರು. ಅವರಲ್ಲಿ ಬೋರ್ನೋ ರಾಜ್ಯದಲ್ಲಿ ಮುಹಮ್ಮದ್ ಅಲಿ ಬಿನ್ ಸಈದ್ ಎಂಬ ಹೆಸರಿನಲ್ಲಿ ಹುಟ್ಟಿ, ಗುಲಾಮನಾಗಿ ದೇಶ ದೇಶ ಅಲೆದು, ಕೊನೆಗೆ ನಿಕೊಲಸ್ ಸೈದ್ ಎಂಬ ಹೆಸರಿನಲ್ಲಿ 55ನೇ ಮ್ಯಾಸಚೂಸೆಟ್ಸ್ ರೆಜಿಮೆಂಟ್ ಸೇರಿದವರೊಬ್ಬರಿದ್ದರು. ಯುದ್ಧದ ಬಳಿಕ ಅವರು ದಕ್ಷಿಣದಲ್ಲೇ ಉಳಿದು ಬಿಡುಗಡೆಗೊಂಡವರ ಮಕ್ಕಳಿಗೆ ಪಾಠ ಹೇಳಿದರು.

ಅಂತೂ ಯುದ್ಧ 1865ರ ಏಪ್ರಿಲ್‌ನಲ್ಲಿ ಮುಗಿಯಿತು. ಅದೇ ತಿಂಗಳ 14ರ ರಾತ್ರಿ ಲಿಂಕನ್‌ಗೆ ಗುಂಡು ಬಿತ್ತು. ಉಪಾಧ್ಯಕ್ಷರಾಗಿದ್ದ ಆಂಡ್ರ್ಯೂ ಜಾನ್ಸನ್ ಅಧ್ಯಕ್ಷರಾದರು.

ಜಾನ್ಸನ್ ಬಡತನದಲ್ಲಿ ಹುಟ್ಟಿದವರು, ಶಾಲೆಯ ಮೆಟ್ಟಿಲು ಹತ್ತದೆ ದರ್ಜಿಯ ಕೆಲಸ ಕಲಿತು ಮೇಲೆ ಬಂದವರು. ದಕ್ಷಿಣದ ಜಮೀನ್ದಾರರ ಮೇಲೆ ಅವರಿಗೆ ಸಿಟ್ಟಿತ್ತು. ಅದನ್ನು ನೋಡಿ ಇವರು ಬಡವರ ಕಡೆಯವರೆಂದು ಹಲವರು ನಂಬಿದ್ದರು. ಆದರೆ ಅವರ ಲೆಕ್ಕದಲ್ಲಿ ಬಡವರೆಂದರೆ ಬಿಳಿಯ ಬಡವರು ಮಾತ್ರ. ಮೇ 29ರಂದು ಅವರು ಕ್ಷಮಾದಾನದ ಘೋಷಣೆ ಹೊರಡಿಸಿದರು. ನಿಷ್ಠೆಯ ಪ್ರಮಾಣ ಮಾಡಿದ ಬಂಡುಕೋರರಿಗೆ ಗುಲಾಮರನ್ನು ಬಿಟ್ಟು ಉಳಿದೆಲ್ಲ ಆಸ್ತಿಯೂ ಮರಳಿ ಸಿಗಬೇಕು ಎಂಬುದು ಅದರ ಸಾರ. ದೊಡ್ಡ ಶ್ರೀಮಂತರು ಬೇರೆಯಾಗಿ ಅರ್ಜಿ ಹಾಕಬೇಕಿತ್ತು. ಅವರು ಸಾಲುಗಟ್ಟಿ ಹಾಕಿದರು, ಸಾಲುಗಟ್ಟಿ ಕ್ಷಮೆಯೂ ಸಿಕ್ಕಿತು.

ಆಸ್ತಿ ಎಂದರೆ ಜಮೀನು. ಅದೇ ಜಮೀನಿನಲ್ಲಿ ಈಗ 40,000 ಜನರು ಬೀಜ ಬಿತ್ತಿದ್ದರು.

ಅಕ್ಟೋಬರ್‌ನಲ್ಲಿ ಈ ಸುದ್ದಿ ಹೇಳಲು ದಕ್ಷಿಣ ಕೆರೊಲಿನಾದ ಎಡಿಸ್ಟೋ ದ್ವೀಪಕ್ಕೆ ಕಳಿಸಲ್ಪಟ್ಟವರು ಜನರಲ್ ಆಲಿವರ್ ಹೊವಾರ್ಡ್. ಬಿಡುಗಡೆಗೊಂಡವರ ಯೋಗಕ್ಷೇಮ ನೋಡಿಕೊಳ್ಳಲೆಂದೇ ಆ ವರ್ಷ ಸ್ಥಾಪನೆಯಾಗಿದ್ದ ಸರಕಾರಿ ಇಲಾಖೆಯ, ಅಂದರೆ ಫ್ರೀಡ್‌ಮನ್ಸ್ ಬ್ಯೂರೋದ, ಮುಖ್ಯಸ್ಥರು ಅವರು. ಯುದ್ಧದಲ್ಲಿ ಬಲಗೈ ಕಳೆದುಕೊಂಡಿದ್ದರು. ಮನಸ್ಸಿನಲ್ಲಿ ಈ ಆಜ್ಞೆ ಅವರಿಗೂ ಒಪ್ಪಿಗೆಯಿರಲಿಲ್ಲ. ಚರ್ಚಿನಲ್ಲಿ ಕಿಕ್ಕಿರಿದು ತುಂಬಿದ್ದ ಜನರ ಮುಂದೆ ನಿಂತಾಗ ಅವರಿಗೆ ಮಾತು ಹೊರಡಲಿಲ್ಲ. ಒಬ್ಬ ಹೆಂಗಸು ದುಃಖದ ಹಾಡೊಂದನ್ನು ಎತ್ತಿಕೊಂಡಳು, ಎಲ್ಲರೂ ದನಿಗೂಡಿಸಿದರು. ಹಾಡು ಮುಗಿದ ಮೇಲೆ ಜನರಲ್ ಹೇಳಿದ್ದು ಇಷ್ಟು: ಜಮೀನು ಹಳೆಯ ಮಾಲೀಕರಿಗೆ ಹೋಗುತ್ತದೆ, ಅವರ ಜೊತೆ ಕೂಲಿಯ ಕರಾರು ಮಾಡಿಕೊಳ್ಳಿ, ಹಳೆಯದನ್ನು ಮರೆತು ಅವರನ್ನು ಕ್ಷಮಿಸಿ.

ಜನರು ಮೂವರ ಸಮಿತಿ ಮಾಡಿ ಜನರಲ್‌ಗೆ ಒಂದು ಪತ್ರ ಬರೆದರು. ಹೆನ್ರಿ ಬ್ರಾಮ್, ಇಶ್ಮಾಯಿಲ್ ಮೌಲ್ಟ್ರಿ, ಯೇಟ್ಸ್ ಸ್ಯಾಂಪ್ಸನ್ ಎಂಬವರು ಸಹಿ ಹಾಕಿದ ಆ ಪತ್ರ ಇಂದಿಗೂ ದಾಖಲೆಗಳಲ್ಲಿದೆ. ಕಾಗುಣಿತ ತಪ್ಪಿದೆ, ವಿಚಾರ ಎಲ್ಲೂ ತಪ್ಪಿಲ್ಲ. ನಮ್ಮ ಹಿರಿಯರ ಎಲುಬುಗಳನ್ನು ಮಣ್ಣು ಮಾಡುವಷ್ಟು ನೆಲವೂ ನಮಗೆ ಸಿಗದಂತೆ ಮಾಡಲು ಒಟ್ಟಾಗಿರುವವರ ಕೈಗೆ ನಮ್ಮನ್ನು ಒಪ್ಪಿಸಿದ್ದೀರಿ ಎಂದು ಅವರು ಬರೆದರು. ನಮಗೀಗ ಉಳಿದಿರುವುದು ಮೂರೇ ದಾರಿ: ಬೀದಿಗೆ ಬೀಳುವುದು, ಕಡಲಿಗೆ ಇಳಿಯುವುದು, ಇಲ್ಲವೇ ಹಿಂದಿನಂತೆಯೇ ಅವರ ಮರ್ಜಿಗೆ ಒಳಪಟ್ಟು ದುಡಿಯುವುದು. ಇದು ಸ್ವತಂತ್ರ ಮನುಷ್ಯರ ಸ್ಥಿತಿಯಲ್ಲ ಎಂದರು. ಕ್ಷಮೆಯ ಮಾತಿಗೂ ಉತ್ತರ ಕೊಟ್ಟರು. ನೀವು ಯುದ್ಧದಲ್ಲಿ ಕಳೆದುಕೊಂಡದ್ದು ಒಂದು ಕೈ ಮಾತ್ರ, ನಿಮಗೆ ಕ್ಷಮಿಸಲು ಸಾಧ್ಯವಾಗಬಹುದು. ನನ್ನನ್ನು ಮರಕ್ಕೆ ಕಟ್ಟಿ 39 ಛಡಿಯೇಟು ಕೊಟ್ಟವನು, ನನ್ನ ತಾಯಿಯನ್ನೂ ತಂಗಿಯನ್ನೂ ಬೆತ್ತಲೆ ಮಾಡಿ ಹೊಡೆದವನು, ಅವನು ಹೇಳಿದ ಕೂಲಿಗೆ ದುಡಿಯದಿದ್ದರೆ ತನ್ನ ಖಾಲಿ ಗುಡಿಸಲಲ್ಲೂ ನನ್ನನ್ನು ಇರಗೊಡದವನು, ಅಂಥವನನ್ನು ನಾನು ಹೇಗೆ ಕ್ಷಮಿಸಲಿ ಎಂದು ಕೇಳಿದರು.

ಈ ಪತ್ರವನ್ನು ಓದಿದವರಿಗೆ ಒಂದು ವಿಷಯ ಹೊಳೆಯದಿರದು. ಕ್ಷಮಿಸುವ ಅಧಿಕಾರವಿದ್ದದ್ದು ಪೆಟ್ಟು ತಿಂದವನಿಗೆ. ಅವನನ್ನು ಕೇಳದೆಯೇ ಅವನ ಪರವಾಗಿ ಅಧ್ಯಕ್ಷರು ಕ್ಷಮಾಪತ್ರಕ್ಕೆ ಸಹಿ ಹಾಕಿ, ಅವನ ಜಮೀನನ್ನೂ ಅದರ ಜೊತೆ ಕೊಟ್ಟುಬಿಟ್ಟರು. ಯುದ್ಧದ ನಂತರ ದೇಶವನ್ನು ಮತ್ತೆ ಕಟ್ಟಬೇಕು, ಎರಡು ಕಡೆಯವರೂ ಒಂದಾಗಬೇಕು ಎಂಬುದು ಸರಿಯೇ. ಆದರೆ ಅಲ್ಲಿ ಒಂದಾದದ್ದು ಉತ್ತರದ ಬಿಳಿಯರು ಮತ್ತು ದಕ್ಷಿಣದ ಬಿಳಿಯರು. ಆ ಸಂಧಾನದ ಖರ್ಚು ಮೂರನೆಯವರ ಹೆಗಲ ಮೇಲೆ ಬಿತ್ತು.

ಇದರಲ್ಲಿ ಹತ್ತಿಯ ಪಾತ್ರವೂ ಇತ್ತು. ಬಿಡುಗಡೆಗೊಂಡವರು ತಮ್ಮ ನೆಲದಲ್ಲಿ ಮೊದಲು ಬೆಳೆದದ್ದು ಮೆಕ್ಕೆಜೋಳ, ಗೆಣಸು, ಮನೆಮಂದಿಯ ಊಟಕ್ಕೆ ಬೇಕಾದದ್ದು. ದೇಶದ ವ್ಯಾಪಾರಕ್ಕೆ ಬೇಕಾಗಿದ್ದದ್ದು ಹತ್ತಿ. ಯುದ್ಧಕಾಲದಲ್ಲಿ ಅಮೆರಿಕದ ಬಂದರುಗಳು ಮುಚ್ಚಿದಾಗ ಇಂಗ್ಲೆಂಡಿನ ಗಿರಣಿಗಳು ನಮ್ಮ ಧಾರವಾಡ ಸೀಮೆಯ ಹತ್ತಿಗೂ ಮುಗಿಬಿದ್ದಿದ್ದವು, ಇಲ್ಲಿನ ಬೆಲೆ ಗಗನಕ್ಕೇರಿತ್ತು. ಯುದ್ಧ ನಿಂತದ್ದೇ ತಡ ಆ ಬೆಲೆ ಕುಸಿದು ಮುಂಬಯಿಯ ವರ್ತಕರು ದಿವಾಳಿಯಾದರು. ಅಮೆರಿಕದ ಹತ್ತಿ ಮತ್ತೆ ಹಡಗು ಹತ್ತಬೇಕಾದರೆ ದೊಡ್ಡ ತೋಟಗಳೂ ಅಗ್ಗದ ಕೂಲಿಗಳೂ ಬೇಕು. ಸ್ವಂತ ಜಮೀನಿದ್ದವನು ಇನ್ನೊಬ್ಬನ ತೋಟದಲ್ಲಿ ಅಗ್ಗಕ್ಕೆ ದುಡಿಯುವುದಿಲ್ಲ ಎಂಬುದನ್ನು ತೋಟದ ಮಾಲೀಕರು ಚೆನ್ನಾಗಿ ತಿಳಿದಿದ್ದರು.

1865ರ ಕೊನೆಯಲ್ಲಿ ದಕ್ಷಿಣದ ರಾಜ್ಯಗಳು ಮಾಡಿದ ಕಾನೂನುಗಳನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಮಿಸಿಸಿಪ್ಪಿಯಲ್ಲಿ ಪ್ರತಿ ಕಪ್ಪು ವರ್ಣೀಯನೂ ಜನವರಿಯಲ್ಲಿ ತಾನು ಯಾರ ಬಳಿ ಕೆಲಸಕ್ಕಿದ್ದೇನೆಂಬ ಲಿಖಿತ ಪುರಾವೆ ತೋರಿಸಬೇಕು. ಪಟ್ಟಣದ ಹೊರಗೆ ಅವನು ಜಮೀನನ್ನು ಗೇಣಿಗೂ ಪಡೆಯುವಂತಿಲ್ಲ. ಕೆಲಸವಿಲ್ಲದೆ ಸಿಕ್ಕಿದರೆ ಅಲೆಮಾರಿಯೆಂದು ದಂಡ, ದಂಡ ಕಟ್ಟಲಾಗದಿದ್ದರೆ ಅದನ್ನು ಕಟ್ಟುವ ಬಿಳಿಯನ ಬಳಿ ದುಡಿಮೆ. ಗುಲಾಮತನವನ್ನು ರದ್ದುಮಾಡಿದ 13ನೇ ಸಂವಿಧಾನ ತಿದ್ದುಪಡಿ ಅದೇ ವರ್ಷದ ಡಿಸೆಂಬರ್‌ನಲ್ಲಿ ಜಾರಿಗೆ ಬಂತು. ಆದರೆ ಅದರಲ್ಲಿ ಒಂದು ಕಂಡಿ ಉಳಿದಿತ್ತು: ಅಪರಾಧಕ್ಕೆ ಶಿಕ್ಷೆಯಾಗಿ ಬಲವಂತದ ದುಡಿಮೆ ಮಾಡಿಸಬಹುದು. ಆ ಕಂಡಿಯಲ್ಲಿ ಮುಂದೆ ಎಷ್ಟು ಸಾವಿರ ಜನ ಸಿಕ್ಕಿಬಿದ್ದರೋ!

ಇಷ್ಟನ್ನು ಕಂಡ ಮೇಲೆ ಉತ್ತರದ ಸಂಸದರಿಗೆ ಸಿಟ್ಟು ಬಂತು. ಇದಕ್ಕಾಗಿಯೇ ನಮ್ಮ ಮಕ್ಕಳು ಸತ್ತರೇ ಎಂದು ಅವರ ಮತದಾರರೂ ಕೇಳತೊಡಗಿದ್ದರು. 1866ರಲ್ಲಿ ಅಧ್ಯಕ್ಷರು ತಡೆದರೂ ಕೇಳದೆ ಸಂಸತ್ತು ನಾಗರಿಕ ಹಕ್ಕುಗಳ ಕಾಯ್ದೆಯನ್ನು ಜಾರಿಗೊಳಿಸಿತು. 1867ರಲ್ಲಿ ದಕ್ಷಿಣದ 10 ರಾಜ್ಯಗಳನ್ನು 5 ಸೇನಾ ವಲಯಗಳಾಗಿ ವಿಂಗಡಿಸಿ, ಕಪ್ಪು ಗಂಡಸರಿಗೂ ಮತದ ಹಕ್ಕು ಕೊಟ್ಟು ಹೊಸ ಸಂವಿಧಾನ ರಚಿಸಿದ ಬಳಿಕವೇ ಒಕ್ಕೂಟಕ್ಕೆ ಮರಳಬಹುದು ಎಂದಿತು. 1868ರಲ್ಲಿ ಅಧ್ಯಕ್ಷರನ್ನೇ ವಿಚಾರಣೆಗೆ ಒಳಪಡಿಸಿತು. ಒಂದೇ ಒಂದು ಮತದ ಕೊರತೆಯಿಂದ ಅವರು ಪದಚ್ಯುತಿ ತಪ್ಪಿಸಿಕೊಂಡರು. ಆ ವರ್ಷದ 14ನೇ ತಿದ್ದುಪಡಿ ಆ ನೆಲದಲ್ಲಿ ಹುಟ್ಟಿದವರೆಲ್ಲ ಅಲ್ಲಿನ ಪ್ರಜೆಗಳು, ಕಾನೂನಿನ ರಕ್ಷಣೆ ಎಲ್ಲರಿಗೂ ಸಮಾನ ಎಂದು ಸಾರಿತು. ಕಪ್ಪು ವರ್ಣೀಯನು ಈ ದೇಶದ ಪ್ರಜೆಯಾಗಲಾರ ಎಂದು ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟು ಆಗ ಹನ್ನೊಂದು ವರ್ಷವಷ್ಟೇ ಆಗಿತ್ತು. 1870ರ 15ನೇ ತಿದ್ದುಪಡಿ ಬಣ್ಣದ ಕಾರಣಕ್ಕೆ, ಹಿಂದೆ ಗುಲಾಮನಾಗಿದ್ದ ಕಾರಣಕ್ಕೆ ಮತದ ಹಕ್ಕು ನಿರಾಕರಿಸುವಂತಿಲ್ಲ ಎಂದಿತು. ಹೆಂಗಸರಿಗೆ, ಬಿಳಿಯರಿಗಾಗಲಿ ಕಪ್ಪು ವರ್ಣೀಯರಿಗಾಗಲಿ, ಅದು ಏನನ್ನೂ ಕೊಡಲಿಲ್ಲ.

ಕಾಯ್ದೆಗಳ ಪಟ್ಟಿ ಇಲ್ಲಿಗೆ ಸಾಕು. ಬಿಡುಗಡೆಗೊಂಡ ಜನರು ಈ ವರ್ಷಗಳಲ್ಲಿ ಸ್ವತಃ ಏನು ಮಾಡಿದರು ಎಂಬುದು ಅದಕ್ಕಿಂತ ದೊಡ್ಡ ವಿಷಯ.

ಎಲ್ಲಕ್ಕಿಂತ ಮೊದಲು ಅವರು ತಮ್ಮವರನ್ನು ಹುಡುಕಿದರು. ಗುಲಾಮರ ಮದುವೆಗೆ ಕಾನೂನಿನಲ್ಲಿ ಬೆಲೆಯಿರಲಿಲ್ಲ. ಗಂಡನನ್ನು ಒಂದು ರಾಜ್ಯಕ್ಕೆ, ಹೆಂಡತಿಯನ್ನು ಇನ್ನೊಂದಕ್ಕೆ, ಮಗುವನ್ನು ಮೂರನೆಯದಕ್ಕೆ ಮಾರುವುದು ದಿನನಿತ್ಯದ ವ್ಯವಹಾರವಾಗಿತ್ತು. ಬಿಡುಗಡೆಯ ಮರುದಿನದಿಂದಲೇ ಜನರು ನೂರಾರು ಮೈಲಿ ನಡೆಯತೊಡಗಿದರು. ಇದನ್ನು ಕಂಡ ಬಿಳಿಯರು ಇವರಿಗೆ ಅಲೆದಾಟದ ಹುಚ್ಚು ಎಂದರು. ತಾಯಿಯನ್ನು ಹುಡುಕುತ್ತಾ ಹೊರಟವನನ್ನು ಅಲೆಮಾರಿ ಎಂದು ದಂಡಿಸಿದ ಕಾನೂನುಗಳವು! ಕಪ್ಪು ವರ್ಣೀಯರ ಪತ್ರಿಕೆಗಳಲ್ಲಿ ದಶಕಗಳ ಕಾಲ ‘ಮಾಹಿತಿ ಬೇಕಾಗಿದೆ’ ಎಂಬ ಜಾಹೀರಾತುಗಳು ಬಂದವು. ಹುಡುಕುವವರಿಗೆ ಗೊತ್ತಿದ್ದದ್ದು ಎಷ್ಟೋ ಸಲ ಒಂದು ಹೆಸರು, ಮಾರಿದ ಮಾಲೀಕನ ಹೆಸರು, ಕೊನೆಯ ಬಾರಿ ಕಂಡ ಊರು ಇಷ್ಟೇ. ಹೆಚ್ಚಿನವರಿಗೆ ಉತ್ತರ ಬರಲಿಲ್ಲ. ಜೊತೆಯಾಗಿ ಉಳಿದಿದ್ದ ಮುದಿ ದಂಪತಿಗಳು ಬ್ಯೂರೋದ ಕಚೇರಿಯ ಮುಂದೆ ಸಾಲು ನಿಂತು, ಮೂವತ್ತು ನಲವತ್ತು ವರ್ಷಗಳ ಹಿಂದಿನ ಮದುವೆಯನ್ನು ದಫ್ತರದಲ್ಲಿ ಬರೆಸಿದರು. ನಮ್ಮ ಮಕ್ಕಳು ನಮ್ಮವರು ಎಂಬುದಕ್ಕೆ ಮೊದಲ ಬಾರಿ ಒಂದು ಕಾಗದ ಸಿಕ್ಕಿತು.

ಎರಡನೆಯದು ಶಾಲೆ. ಗುಲಾಮನಿಗೆ ಓದು ಕಲಿಸುವುದು ದಕ್ಷಿಣದ ಹೆಚ್ಚಿನ ರಾಜ್ಯಗಳಲ್ಲಿ ಅಪರಾಧವಾಗಿತ್ತು. 1869ರ ಹೊತ್ತಿಗೆ ಬ್ಯೂರೋದ ಲೆಕ್ಕಕ್ಕೆ ಸಿಕ್ಕ ಶಾಲೆಗಳೇ ಸುಮಾರು 3,000, ವಿದ್ಯಾರ್ಥಿಗಳು 1,50,000. ಲೆಕ್ಕಕ್ಕೆ ಸಿಗದ ರಾತ್ರಿ ಶಾಲೆಗಳು ಬೇರೆ. ಅಜ್ಜಿ ಮತ್ತು ಮೊಮ್ಮಗಳು ಒಂದೇ ಬೆಂಚಿನಲ್ಲಿ ಕುಳಿತು ಅಕ್ಷರ ತಿದ್ದಿದರು. ಕೂಲಿಯ ಕಾಸಿನಲ್ಲಿ ಉಳಿಸಿ ಕಟ್ಟಡಕ್ಕೆ ಹಲಗೆ ಕೊಂಡರು, ಮೇಷ್ಟರಿಗೆ ಸಂಬಳ ಕೊಟ್ಟರು. ಫಿಸ್ಕ್, ಹೊವಾರ್ಡ್, ಹ್ಯಾಂಪ್ಟನ್‌ನಂಥ ಇಂದಿನ ಹೆಸರಾಂತ ವಿದ್ಯಾಸಂಸ್ಥೆಗಳು 1866 ಮತ್ತು 1868ರ ನಡುವೆ ಹುಟ್ಟಿದವು. ಇನ್ನೊಂದು ವಿಷಯವನ್ನೂ ಹೇಳಬೇಕು: ದಕ್ಷಿಣದಲ್ಲಿ ಎಲ್ಲ ಮಕ್ಕಳಿಗೂ ಸರಕಾರಿ ಶಾಲೆ ಎಂಬ ವ್ಯವಸ್ಥೆ ಬಂದದ್ದೇ ಕಪ್ಪು ವರ್ಣೀಯರು ಕುಳಿತಿದ್ದ ಸಭೆಗಳು ರಚಿಸಿದ ಸಂವಿಧಾನಗಳಿಂದ. ಅದರ ಲಾಭ ಬಡ ಬಿಳಿಯರ ಮಕ್ಕಳಿಗೂ ಸಿಕ್ಕಿತು.

ಮೂರನೆಯದು ಮತ. 1867ರಲ್ಲಿ ಏಳು ಲಕ್ಷಕ್ಕೂ ಹೆಚ್ಚು ಕಪ್ಪು ಗಂಡಸರು ಮತದಾರರ ಪಟ್ಟಿಗೆ ಸೇರಿದರು. ಮುಂದಿನ ಹತ್ತು ವರ್ಷಗಳಲ್ಲಿ ಸುಮಾರು 2,000 ಮಂದಿ ಹಳ್ಳಿಯ ನ್ಯಾಯಾಧಿಕಾರಿಯಿಂದ ಹಿಡಿದು ಸಂಸತ್ ಸದಸ್ಯರವರೆಗೆ ನಾನಾ ಹುದ್ದೆಗಳಲ್ಲಿ ಕುಳಿತರು. 1870ರಲ್ಲಿ ಹೈರಮ್ ರೆವೆಲ್ಸ್ ಸೆನೆಟ್‌ಗೂ ಜೋಸೆಫ್ ರೈನಿ ಪ್ರತಿನಿಧಿಗಳ ಸಭೆಗೂ ಹೋದರು. ರಾಬರ್ಟ್ ಸ್ಮಾಲ್ಸ್ ಎಂಬವರು ಯುದ್ಧಕಾಲದಲ್ಲಿ, 1862ರ ಮೇ ತಿಂಗಳ ಒಂದು ನಸುಕಿನಲ್ಲಿ, ಬಂಡುಕೋರರ ಹಡಗೊಂದನ್ನು ಹೆಂಡತಿ ಮಕ್ಕಳ ಸಮೇತ ಅವರದೇ ಫಿರಂಗಿಗಳ ಮುಂದಿನಿಂದ ನಡೆಸಿಕೊಂಡು ಹೋಗಿ ಸರಕಾರಿ ನೌಕಾಪಡೆಗೆ ಒಪ್ಪಿಸಿದ್ದರು. ಅವರು ತಾನು ಗುಲಾಮನಾಗಿದ್ದ ಮನೆಯನ್ನೇ ಕೊಂಡರು, ಸಂಸತ್ತಿಗೂ ಆಯ್ಕೆಯಾದರು. ದಕ್ಷಿಣ ಕೆರೊಲಿನಾದ ಶಾಸಕರು 1869ರಲ್ಲಿ ಒಂದು ಭೂ ಆಯೋಗ ಮಾಡಿ, ಜಮೀನು ಕೊಂಡು ಬಡವರಿಗೆ ಕಂತಿನಲ್ಲಿ ಮಾರುವ ಕೆಲಸಕ್ಕೂ ಕೈಹಾಕಿದರು. ಅದರಲ್ಲಿ ಲಂಚದ ಹಗರಣಗಳೂ ನಡೆದವು, ಮುಚ್ಚಿಡುವುದೇಕೆ? ಆದರೂ 1876ರ ಹೊತ್ತಿಗೆ ಸುಮಾರು 14,000 ಕುಟುಂಬಗಳು ಆ ಯೋಜನೆಯಲ್ಲಿ ನೆಲ ಕಂಡವು. ಉಳಿದ ಯಾವ ರಾಜ್ಯವೂ ಇಷ್ಟನ್ನು ಮಾಡಲಿಲ್ಲ.

ಉಳಿತಾಯದ ಕಥೆ ಮಾತ್ರ ಹೊಟ್ಟೆ ಉರಿಸುವಂಥದ್ದು. ಬಿಡುಗಡೆಗೊಂಡವರಿಗೆಂದೇ 1865ರಲ್ಲಿ ಒಂದು ಬ್ಯಾಂಕ್ ಆರಂಭವಾಯಿತು. ಪಾಸ್‌ಬುಕ್ಕಿನ ಮೇಲೆ ಲಿಂಕನ್‌ರ ಚಿತ್ರ. ಸರಕಾರವೇ ಹೊಣೆ ಎಂದು ಜನ ನಂಬಿದರು, ಸರಕಾರ ಹೊಣೆಯಾಗಿರಲಿಲ್ಲ. ಅಗಸಗಿತ್ತಿಯರು, ಸೈನಿಕರು, ಕೂಲಿಗಳು ಡಾಲರ್ ಡಾಲರ್ ಸೇರಿಸಿದರು. ಆಡಳಿತದವರು ಆ ಹಣವನ್ನು ವಾಷಿಂಗ್ಟನ್ನಿನ ಗೆಳೆಯರ ಕಟ್ಟಡ, ರೈಲ್ವೆಗಳಿಗೆ ಸಾಲ ಕೊಟ್ಟರು. 1873ರ ಆರ್ಥಿಕ ಕುಸಿತದಲ್ಲಿ ಅದೆಲ್ಲ ಮುಳುಗಿತು. 1874ರ ಜೂನ್‌ನಲ್ಲಿ ಬ್ಯಾಂಕಿನ ಬಾಗಿಲು ಮುಚ್ಚಿದಾಗ 61,000 ಖಾತೆದಾರರ ಸುಮಾರು 30 ಲಕ್ಷ ಡಾಲರ್ ಒಳಗಿತ್ತು. ಜಮೀನು ಕೊಳ್ಳಲೆಂದು ಕೂಡಿಟ್ಟ ಹಣ ಅದರಲ್ಲಿ ಎಷ್ಟಿತ್ತೋ.

ಅಷ್ಟರಲ್ಲಿ ರಾತ್ರಿಗಳು ಭಯಾನಕವಾಗಿದ್ದವು. ಯುದ್ಧ ಮುಗಿದ ಬೆನ್ನಿಗೇ ಟೆನೆಸಿಯಲ್ಲಿ ಹುಟ್ಟಿದ ಕೂ ಕ್ಲಕ್ಸ್ ಕ್ಲಾನ್ ಎಂಬ ಗುಪ್ತ ಪಡೆ ಮುಖ ಮುಚ್ಚಿಕೊಂಡು ಕುದುರೆಯ ಮೇಲೆ ಬರುತ್ತಿತ್ತು. ಶಾಲೆಗೆ ಬೆಂಕಿ, ಮೇಷ್ಟರಿಗೆ ಛಡಿ, ಮತ ಹಾಕಿಸಿದವನಿಗೆ ಗುಂಡು. ಅದರ ಗುರಿ ಯಾರೆಂದು ನೋಡಿದರೆ ಉದ್ದೇಶ ತಿಳಿಯುತ್ತದೆ: ಜಮೀನು ಕೊಂಡವನು, ಓದು ಕಲಿಸಿದವನು, ಚುನಾವಣೆಗೆ ನಿಂತವನು. ಅಧ್ಯಕ್ಷ ಗ್ರಾಂಟ್ 1871ರಲ್ಲಿ ದಕ್ಷಿಣ ಕೆರೊಲಿನಾದ 9 ಜಿಲ್ಲೆಗಳಿಗೆ ಸೇನೆ ಕಳಿಸಿ ನೂರಾರು ಜನರನ್ನು ಹಿಡಿಸಿದಾಗ ಆ ಪಡೆ ಮುರಿದು ಬಿತ್ತು. ಸರಕಾರಕ್ಕೆ ಮನಸ್ಸಿದ್ದರೆ ತಡೆಯಲು ಆಗುತ್ತಿತ್ತು ಎಂಬುದಕ್ಕೆ ಇದೇ ಸಾಕ್ಷಿ. ಆದರೆ ಮನಸ್ಸು ಬಹಳ ದಿನ ಉಳಿಯಲಿಲ್ಲ. 1873ರ ಏಪ್ರಿಲ್ 13ರಂದು, ಅಂದು ಈಸ್ಟರ್ ಭಾನುವಾರ, ಲೂಯಿಸಿಯಾನಾದ ಕೋಲ್‌ಫ್ಯಾಕ್ಸ್ ಎಂಬ ಊರಿನ ಕೋರ್ಟ್ ಕಟ್ಟಡವನ್ನು ಕಾಯುತ್ತಿದ್ದ ಕಪ್ಪು ವರ್ಣೀಯರನ್ನು ಬಿಳಿಯರ ಗುಂಪು ಕೊಂದಿತು, ಶರಣಾದವರನ್ನೂ ಬಿಡಲಿಲ್ಲ. ಸತ್ತವರ ಸಂಖ್ಯೆಯನ್ನು 60ರಿಂದ 150ರವರೆಗೆ ಹೇಳುತ್ತಾರೆ. ಶಿಕ್ಷೆಯಾದದ್ದು ಬೆರಳೆಣಿಕೆಯ ಮಂದಿಗೆ. 1876ರಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ರದ್ದುಮಾಡಿತು. 14ನೇ ತಿದ್ದುಪಡಿ ತಡೆಯುವುದು ರಾಜ್ಯ ಸರಕಾರಗಳ ಅನ್ಯಾಯವನ್ನು ಮಾತ್ರ, ಖಾಸಗಿ ವ್ಯಕ್ತಿಗಳು ಕೊಂದರೆ ಅದು ಆಯಾ ರಾಜ್ಯಕ್ಕೆ ಬಿಟ್ಟ ವಿಷಯ ಎಂದಿತು. ಕೊಂದವರ ನೆಂಟರೇ ಪೊಲೀಸರೂ ಪಂಚರೂ ಆಗಿದ್ದ ರಾಜ್ಯಗಳವು.

ಅದೇ 1873ರಲ್ಲಿ ನಮ್ಮ ಪುಣೆಯ ಜ್ಯೋತಿಬಾ ಫುಲೆಯವರು ‘ಗುಲಾಮಗಿರಿ’ ಪುಸ್ತಕವನ್ನು ಪ್ರಕಟಿಸಿ, ಗುಲಾಮರ ಬಿಡುಗಡೆಗಾಗಿ ಶ್ರಮಿಸಿದ ಅಮೆರಿಕದ ಜನರಿಗೆ ಅರ್ಪಿಸಿದ್ದರು. ಅವರು ಮೆಚ್ಚಿದ ಆ ಸಂಕಲ್ಪ ಅಲ್ಲಿ ಆಗಲೇ ಸೊರಗತೊಡಗಿತ್ತು.

1876ರ ಅಧ್ಯಕ್ಷೀಯ ಚುನಾವಣೆ ವಿವಾದಕ್ಕೆ ಬಿತ್ತು. ದಕ್ಷಿಣದ ಮೂರು ರಾಜ್ಯಗಳ ಎಣಿಕೆಯ ಜಗಳವನ್ನು ಆಯೋಗವೊಂದು 8–7ರಿಂದ ತೀರ್ಮಾನಿಸಿ, ರದರ್‌ಫರ್ಡ್ ಹೇಯ್ಸ್ 185–184ರಿಂದ ಗೆದ್ದರು. ತೆರೆಮರೆಯ ಮಾತುಕತೆಯ ಬೆನ್ನಿಗೆ 1877ರ ಏಪ್ರಿಲ್‌ನಲ್ಲಿ ದಕ್ಷಿಣ ಕೆರೊಲಿನಾ ಮತ್ತು ಲೂಯಿಸಿಯಾನಾದ ಶಾಸನಸಭೆಗಳ ಬಾಗಿಲಲ್ಲಿದ್ದ ಸೈನಿಕರು ಬ್ಯಾರಕ್ಕಿಗೆ ಮರಳಿದರು. ಕಪ್ಪು ವರ್ಣೀಯರ ಮತದಿಂದ ನಿಂತಿದ್ದ ಕೊನೆಯ ಎರಡು ಸರಕಾರಗಳು ಬಿದ್ದವು. ತಿದ್ದುಪಡಿಗಳು ಪುಸ್ತಕದಲ್ಲಿ ಹಾಗೆಯೇ ಇದ್ದವು. ಒಂದಕ್ಷರವೂ ಅಳಿಸಿರಲಿಲ್ಲ. ಲೂಯಿಸಿಯಾನಾದಲ್ಲಿ 1896ರಲ್ಲಿ 1,30,334 ಕಪ್ಪು ಮತದಾರರಿದ್ದರು. ಅಜ್ಜ ಮತದಾರನಾಗಿದ್ದರೆ ಮಾತ್ರ ಮೊಮ್ಮಗನಿಗೆ ಓದು ಆಸ್ತಿಗಳ ಪರೀಕ್ಷೆಯಿಂದ ವಿನಾಯಿತಿ ಎಂಬ ನಿಯಮ 1898ರಲ್ಲಿ ಬಂತು. ಗುಲಾಮನ ಮೊಮ್ಮಗ ಮತದಾರ ಅಜ್ಜನನ್ನು ಎಲ್ಲಿಂದ ತರಬೇಕು? 1904ರಲ್ಲಿ ಉಳಿದವರು 1,342.

ಜಮೀನಿಲ್ಲದವರು ಹಳೆಯ ಮಾಲೀಕನ ಹೊಲವನ್ನೇ ಪಾಲಿಗೆ ಮಾಡಿದರು. ಬೀಜ, ಎತ್ತು, ಅಂಗಡಿಯ ಹಿಟ್ಟು ಎಲ್ಲವೂ ಸಾಲ. ಸುಗ್ಗಿಯಲ್ಲಿ ಲೆಕ್ಕ ಬರೆಯುವವನು ಮಾಲೀಕ. ಬಡ್ಡಿ ಕಳೆದು ಉಳಿಯುವುದು ಮುಂದಿನ ವರ್ಷದ ಸಾಲ. ಇದನ್ನು ಕನ್ನಡ ನಾಡಿನ ಓದುಗರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಮೇಲೆ ಹೇಳಿದ ಕಂಡಿಯಲ್ಲಿ ಸಿಕ್ಕಿಬಿದ್ದವರಲ್ಲಿ ಒಬ್ಬರ ಹೆಸರು ಟ್ಯುನಿಸ್ ಕ್ಯಾಂಬೆಲ್. ನ್ಯೂಜೆರ್ಸಿಯಲ್ಲಿ ಸ್ವತಂತ್ರರಾಗಿ ಹುಟ್ಟಿದ ಈ ಧರ್ಮಬೋಧಕರನ್ನು 1865ರಲ್ಲಿ ಬ್ಯೂರೋ ಜಾರ್ಜಿಯಾದ ದ್ವೀಪಗಳ ಉಸ್ತುವಾರಿಗೆ ಕಳಿಸಿತ್ತು. ಸಪೆಲೋ ಕೂಡ ಅವರ ವ್ಯಾಪ್ತಿಯಲ್ಲಿತ್ತು. ಅವರು ಜನರಿಗೆ ನೆಲ ಹಂಚಿದರು, ಶಾಲೆ ತೆರೆದರು, ನ್ಯಾಯ ಪಂಚಾಯಿತಿ ಮಾಡಿದರು, ಕಾವಲು ಪಡೆ ಕಟ್ಟಿದರು. ಮರುವರ್ಷ ಜಮೀನು ಹೋಯಿತು, ಅವರ ಹುದ್ದೆಯೂ ಹೋಯಿತು. ಅವರು ಎದುರಿನ ದಡದಲ್ಲಿ ನೆಲೆಸಿ 1868ರಲ್ಲಿ ಜಾರ್ಜಿಯಾದ ಸೆನೆಟ್‌ಗೆ ಗೆದ್ದರು. ಬಿಳಿಯ ಸದಸ್ಯರು ಬಹುಮತದಿಂದ ಕಪ್ಪು ಸದಸ್ಯರನ್ನು ಹೊರಹಾಕಿದರು. 1870ರಲ್ಲಿ ಅವರು ಮತ್ತೆ ಒಳಬಂದರು. ಕೊನೆಗೆ 1876ರಲ್ಲಿ, ನ್ಯಾಯಾಧಿಕಾರಿಯಾಗಿ ಅಧಿಕಾರ ದುರ್ಬಳಕೆ ಮಾಡಿದರೆಂಬ ಆರೋಪದ ಮೇಲೆ, ಅರವತ್ತು ದಾಟಿದ ಆ ಮುದುಕರನ್ನು ಗುತ್ತಿಗೆ ಕೈದಿಗಳ ಜೊತೆ ದುಡಿಯಲು ಕಳಿಸಲಾಯಿತು. ಖಾಸಗಿ ಗುತ್ತಿಗೆದಾರನಿಗೆ ಸರಕಾರ ಕೈದಿಗಳನ್ನು ಬಾಡಿಗೆಗೆ ಕೊಡುವ ಪದ್ಧತಿ ಅದು.

ಈ ಕಾಲವನ್ನು ಐವತ್ತು ವರ್ಷಗಳ ಕಾಲ ಅಮೆರಿಕದ ಪಠ್ಯಪುಸ್ತಕಗಳು ಅಜ್ಞಾನಿ ಗುಲಾಮರ ಕೈಗೆ ಅಧಿಕಾರ ಸಿಕ್ಕಿ ಕೆಟ್ಟ ಕಾಲ ಎಂದೇ ಕಲಿಸಿದವು. 1915ರ ‘ದ ಬರ್ತ್ ಆಫ್ ಎ ನೇಷನ್’ ಸಿನೆಮಾದಲ್ಲಿ ಕ್ಲಾನ್‌ನವರೇ ನಾಯಕರು. ಡಬ್ಲ್ಯು.ಇ.ಬಿ. ಡುಬಾಯ್ಸ್ 1935ರಲ್ಲಿ ದೊಡ್ಡ ಗ್ರಂಥ ಬರೆದು ಈ ಸುಳ್ಳನ್ನು ಬಿಡಿಸಿಟ್ಟರು. ಅದನ್ನು ಇತಿಹಾಸಕಾರರು ಒಪ್ಪಲು ಮತ್ತೆ ಮೂವತ್ತು ವರ್ಷ ಹಿಡಿಯಿತು. ಪುಸ್ತಕದಲ್ಲಿ ಮಲಗಿದ್ದ ಆ ತಿದ್ದುಪಡಿಗಳನ್ನು ಎಬ್ಬಿಸಿ 1954ರಲ್ಲಿ ಶಾಲೆಗಳ ಪ್ರತ್ಯೇಕತೆಯನ್ನೂ 1965ರಲ್ಲಿ ಮತದಾನದ ತಡೆಗಳನ್ನೂ ಮುರಿದದ್ದು ಅದೇ ಜನರ ಮರಿಮೊಮ್ಮಕ್ಕಳು.

ಇನ್ನು ಸಪೆಲೋ. ಎಡಿಸ್ಟೋದಲ್ಲಿ ಆದದ್ದೇ ಅಲ್ಲೂ ಆಯಿತು, ದ್ವೀಪ ಹಳೆಯ ಮಾಲೀಕ ಕುಟುಂಬಕ್ಕೆ ಮರಳಿತು. ಆದರೆ ಅಲ್ಲಿನವರು ಸುಮ್ಮನಾಗಲಿಲ್ಲ. 1871ರಲ್ಲಿ ವಿಲಿಯಂ ಹಿಲರಿ, ಜಾನ್ ಗ್ರೋವ್ನರ್, ಬಿಲಾಲಿ ಬೆಲ್ ಎಂಬ ಮೂವರು ಸೇರಿ ಒಂದು ಕಂಪನಿ ಮಾಡಿಕೊಂಡು, ದ್ವೀಪದ ರಕೂನ್ ಬ್ಲಫ್ ಎಂಬಲ್ಲಿ ಸುಮಾರು 1,000 ಎಕರೆಯನ್ನು ಹಣ ಕೊಟ್ಟು ಕೊಂಡರು, ತುಂಡು ಮಾಡಿ ತಮ್ಮವರಿಗೆ ಮಾರಿದರು. ಸರಕಾರ ಕೊಟ್ಟ ಹಕ್ಕುಪತ್ರ ಆರೇಳು ವರ್ಷಗಳ ಹಿಂದೆ ಕಾಗದವಾಗಿ ಹೋಗಿತ್ತು. ಈ ಬಾರಿ ಕ್ರಯಪತ್ರ ಮಾಡಿಸಿದರು. ಆ ಕಂಪನಿಯಲ್ಲಿ ಬಿಲಾಲಿ ಎಂಬ ಹೆಸರಿತ್ತು.

ಮುದಿ ಬಿಲಾಲಿಯವರ ಸಂತತಿ ಚರ್ಚಿಗೆ ಹೋಗುವವರಾದರು. ಫೂತಾ ಜಾಲೋನ್ ಮರೆತುಹೋಯಿತು. ಆದರೂ 1930ರ ದಶಕದಲ್ಲಿ ಸಂದರ್ಶಕರು ಬಂದು ಕೇಳಿದಾಗ ಅವರ ಮರಿಮಗಳು ಕೇಟಿ ಬ್ರೌನ್ ಎಂಬ ವೃದ್ಧೆ, ಬಿಲಾಲಿ ಮತ್ತು ಅವರ ಹೆಂಡತಿ ಚಾಪೆಯ ಮೇಲೆ ಮೊಣಕಾಲೂರಿ ಮಣಿಮಾಲೆ ಎಣಿಸುತ್ತಾ ಪ್ರಾರ್ಥಿಸುತ್ತಿದ್ದುದನ್ನು ಹೇಳಿದರು. ಬಿಲಾಲಿಯವರ ಮಗಳು ವರ್ಷಕ್ಕೊಂದು ದಿನ ಅಕ್ಕಿ ಕುಟ್ಟಿ ಉಂಡೆ ಮಾಡಿ ಮಕ್ಕಳಿಗೆ ಹಂಚುತ್ತಿದ್ದರಂತೆ. ಆ ಉಂಡೆಗೆ ಅವರು ಹೇಳುತ್ತಿದ್ದ ಹೆಸರು ‘ಸರಕಾ’. ಅದು ಸದಕಾ ಎಂದು ವಿದ್ವಾಂಸರು ಗುರುತಿಸಿದ್ದಾರೆ.

ಉತ್ತರ ಕೆರೊಲಿನಾದಲ್ಲಿದ್ದ ಇನ್ನೊಬ್ಬ ವಿದ್ವಾಂಸ ಗುಲಾಮ ಉಮರ್ ಇಬ್ನ್ ಸಈದ್ ಅವರಿಗೆ ಬಿಡುಗಡೆಯ ಭಾಗ್ಯವೂ ಇರಲಿಲ್ಲ. 1831ರಲ್ಲಿ ಅರಬಿಯಲ್ಲಿ ಆತ್ಮಕಥೆ ಬರೆದ ಅವರು ಅದನ್ನು ಆರಂಭಿಸಿದ್ದು ಸೂರಃ ಅಲ್ ಮುಲ್ಕ್‌ನಿಂದ, ಒಡೆತನವೆಲ್ಲ ಯಾರದು ಎಂದು ಸಾರುವ ಅಧ್ಯಾಯದಿಂದ. ಅವರು ತೀರಿಕೊಂಡದ್ದು ಯುದ್ಧ ಮುಗಿಯುವುದಕ್ಕೆ ಮೊದಲು, ಒಬ್ಬ ಮಾಲೀಕನ ಆಸ್ತಿಯಾಗಿಯೇ.

ಸಪೆಲೋದ ಆ 1,000 ಎಕರೆಯೂ ಕೈಯಲ್ಲಿ ಉಳಿಯಲಿಲ್ಲ. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ದ್ವೀಪದ ಹೆಚ್ಚಿನ ಭಾಗವನ್ನು ಕೊಂಡಿದ್ದ ತಂಬಾಕು ಶ್ರೀಮಂತರೊಬ್ಬರು ರಕೂನ್ ಬ್ಲಫ್‌ನ ಮನೆಗಳನ್ನು ಒಂದೊಂದಾಗಿ ಖಾಲಿ ಮಾಡಿಸಿ, ಎಲ್ಲರನ್ನೂ ಹಾಗ್ ಹ್ಯಾಮಕ್ ಎಂಬ ಒಂದೇ ಕೇರಿಗೆ ಸೇರಿಸಿದರು. ಬಿಲಾಲಿಯವರ ವಂಶಜೆ, ಲೇಖಕಿ ಕೊರ್ನೀಲಿಯಾ ಬೈಲಿ 2017ರಲ್ಲಿ ತೀರಿಕೊಳ್ಳುವ ತನಕ ಆ ನೆಲಕ್ಕಾಗಿ ಹೋರಾಡಿದರು. 2023ರಲ್ಲಿ ಅಲ್ಲಿನ ಜಿಲ್ಲಾಡಳಿತ ಆ ಕೇರಿಯಲ್ಲಿ ದೊಡ್ಡ ಮನೆಗಳನ್ನು ಕಟ್ಟಲು ಅವಕಾಶ ಕೊಡುವಂತೆ ನಿಯಮ ಬದಲಿಸಿತು. ಶ್ರೀಮಂತರ ರಜಾ ಬಂಗಲೆಗಳು ಬಂದರೆ ತೆರಿಗೆ ಏರುತ್ತದೆ, ತೆರಿಗೆ ಕಟ್ಟಲಾಗದಿದ್ದರೆ ನೆಲ ಹೋಗುತ್ತದೆ ಎಂದು ನಿವಾಸಿಗಳು ಕೋರ್ಟಿಗೆ ಹೋದರು, ಸಹಿ ಸಂಗ್ರಹಿಸಿದರು. ದ್ವೀಪದ ‘ಬಿಹೇವಿಯರ್’ ಎಂಬ ಹೆಸರಿನ ಹಳೆಯ ದಫನ ಭೂಮಿಯಲ್ಲಿ ಗುಲಾಮರ ಕಾಲದಿಂದಲೂ ಆ ಕುಟುಂಬಗಳ ಗೋರಿಗಳಿವೆ. ಅಲ್ಲಿನವರನ್ನು ಈಗಲೂ ಅಲ್ಲೇ ಮಣ್ಣು ಮಾಡುತ್ತಾರೆ.